ಏರ್ ಫ್ರೈಯರ್ ಚಿಕನ್: ಎಂಟು ತಿಂಗಳು ಬಳಸಿದ ಮೇಲೆ ಹೇಳ್ತಿದ್ದೇನೆ

ಮೊದಲ ಸಲ ಏರ್ ಫ್ರೈಯರ್‌ನಿಂದ ಚಿಕನ್ ತೆಗೆದು ತಟ್ಟೆಗೆ ಹಾಕಿದಾಗ ಮಗಳು ಒಂದು ತುಂಡು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕೆ ಯಾಕೆ ಪೌಡರ್ ಹಚ್ಚಿದ್ದೀಯಾ?" ಅಂತ ಕೇಳಿದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಲೆಗ್ ಪೀಸಿನ ಒಂದು ಮಗ್ಗುಲು ಚೆನ್ನಾಗಿ ಕೆಂಪಗಾಗಿತ್ತು, ಇನ್ನೊಂದು ಮಗ್ಗುಲಲ್ಲಿ ಮೈದಾ ಬಿಳಿಬಿಳಿಯಾಗಿ, ಈಗ ತಾನೇ ಡಬ್ಬಿಯಿಂದ ತೆಗೆದು ಉದುರಿಸಿದ ಹಾಗೆ ಕೂತಿತ್ತು. ಬೆರಳಲ್ಲಿ ಒರೆಸಿದರೆ ಕೈಗೆ ಬರುತ್ತಿತ್ತು. 200 ಡಿಗ್ರಿಯಲ್ಲಿ 22 ನಿಮಿಷ ಬೆಂದ ಮೇಲೂ!

ಎರಡನೇ ಸಲ ಜಾಣತನ ಮಾಡಲು ಹೋದೆ. ಎಣ್ಣೆಯಲ್ಲಿ ಕರಿಯುವಾಗ ಕಲಸುವ ಹಾಗೆ ಹಿಟ್ಟನ್ನು ಮಂದವಾಗಿ ಕಲಸಿ, ತುಂಡುಗಳನ್ನು ಅದರಲ್ಲಿ ಅದ್ದಿ ಜಾಲರಿಯ ಮೇಲೆ ಜೋಡಿಸಿದೆ. ಅರ್ಧ ಹಿಟ್ಟು ತೂತುಗಳಿಂದ ಇಳಿದು ಕೆಳಗಿನ ತಟ್ಟೆಗೆ ಸುರಿದು ಸುಟ್ಟು ಕರಕಲಾಯಿತು. ಇನ್ನರ್ಧ ಜಾಲರಿಗೆ ಅಂಟಿಕೊಂಡಿತು, ಚಿಕನ್ ಎತ್ತಿದರೆ ಚರ್ಮ ಅಲ್ಲೇ ಉಳಿದು ಮಾಂಸ ಮಾತ್ರ ಕೈಗೆ ಬಂತು. ಅವತ್ತು ರಾತ್ರಿ ಆ ಜಾಲರಿ ಉಜ್ಜುತ್ತಾ ನಿಂತಾಗ, ಇದನ್ನು ಯಾರಿಗಾದರೂ ದಾನ ಮಾಡಿಬಿಡೋಣ ಅಂತ ನಿಜವಾಗಿಯೂ ಅನ್ನಿಸಿತ್ತು.

ಮಾಡಲಿಲ್ಲ. ಈಗ ಎಂಟು ತಿಂಗಳಾಯಿತು, ಹೆಚ್ಚುಕಡಿಮೆ ಪ್ರತಿ ವಾರ ಇದರಲ್ಲಿ ಚಿಕನ್ ಮಾಡುತ್ತೇನೆ. ಈಗ ಇದರ ಬಗ್ಗೆ ಮಾತಾಡುವ ಹಕ್ಕು ಬಂದಿದೆ ಅಂದುಕೊಂಡಿದ್ದೇನೆ. ನನ್ನದು ಡ್ರಾಯರ್ ಥರ ಎಳೆಯುವ ಬುಟ್ಟಿಯ ಮಾದರಿ, 4 ಲೀಟರ್, 1500 ವ್ಯಾಟ್, ಗರಿಷ್ಠ 200 ಡಿಗ್ರಿ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಈ ಮಾದರಿಯ ಮಶಿನ್‌ಗಳೆಲ್ಲ ಒಳಗೆ ಒಂದೇ ಕೆಲಸ ಮಾಡುತ್ತವೆ.

ಏನು ಕೆಲಸ ಅಂದರೆ, ಗಾಳಿ ಬೀಸುವುದು. ಅಷ್ಟೇ. ಮೇಲೆ ಒಂದು ಕಾಯಿಲ್, ಅದರ ಹಿಂದೆ ಒಂದು ಜೋರಾದ ಫ್ಯಾನ್. ಕಾದ ಗಾಳಿ ಬುಟ್ಟಿಯ ಸುತ್ತ ಸುಳಿಯುತ್ತಾ ಇರುತ್ತದೆ. ಇದಕ್ಕೆ ಓವನ್ ಅಂತಲೇ ಹೆಸರಿಡಬೇಕಿತ್ತು, ಪುಟ್ಟ ಹೊಟ್ಟೆಯ ಸಿಡುಕು ಓವನ್. ಬಿಸಿ ಗಾಳಿ ತಿರುಗಿಸುವ ಯೋಚನೆ ಹಳೆಯದು. 1940ರ ದಶಕದಲ್ಲೇ ವಿಲಿಯಂ ಮ್ಯಾಕ್ಸನ್ ಅನ್ನುವವರು ವಿಮಾನದಲ್ಲಿ ಫ್ರೋಜನ್ ಊಟ ಬಿಸಿ ಮಾಡಲು ಫ್ಯಾನ್ ಇರುವ ಒಂದು ಓವನ್ ಮಾಡಿದ್ದರು. ಫಿಲಿಪ್ಸ್ ಕಂಪನಿ 2010ರಲ್ಲಿ 'ಏರ್‌ಫ್ರೈಯರ್' ಅನ್ನುವ ಹೆಸರಿಟ್ಟು ಮಾರುಕಟ್ಟೆಗೆ ತಂದಿತು, ಆಮೇಲೆ ಎಲ್ಲರೂ ತಂದರು. ಆ 'ಫ್ರೈ' ಅನ್ನುವ ಪದವೇ ನಮ್ಮನ್ನು ದಾರಿ ತಪ್ಪಿಸುವುದು ನೋಡಿ. ನಾವು ಬಾಣಲೆಯ ರೆಸಿಪಿ ಹಿಡಿದುಕೊಂಡು ಓವನ್ ಮುಂದೆ ಹೋಗಿ ನಿಲ್ಲುತ್ತೇವೆ.

ಬಾಣಲೆಯಲ್ಲಿ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ. 175 ಡಿಗ್ರಿ ಎಣ್ಣೆಗೆ ತುಂಡು ಬಿಟ್ಟ ತಕ್ಷಣ ಎಣ್ಣೆ ಅದರ ಮೂಲೆಮೂಲೆಗೂ, ಹಿಟ್ಟಿನ ಪ್ರತಿ ಬಿರುಕಿಗೂ ಹೋಗಿ ಮುಟ್ಟುತ್ತದೆ. ಹಿಟ್ಟಿನ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಗೆ ಬರುತ್ತದೆ, ಅದೇ ನಮಗೆ ಕೇಳುವ ಚರ್ ಸದ್ದು. ಕಲಸಿದ ಹಿಟ್ಟು ಕೆಲವೇ ಕ್ಷಣದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿಗೆ ಆ ಶಕ್ತಿ ಇಲ್ಲ. ಅದೇ ಬಿಸಿ ಇದ್ದರೂ ಗಾಳಿ ಎಣ್ಣೆಗಿಂತ ತುಂಬಾ ನಿಧಾನವಾಗಿ ಶಾಖ ಕೊಡುತ್ತದೆ. 200 ಡಿಗ್ರಿ ಓವನ್ ಒಳಗೆ ಒಂದು ಕ್ಷಣ ಕೈ ಹಾಕಿ ತೆಗೆಯಬಹುದು, ಅಷ್ಟೇ ಬಿಸಿಯ ಎಣ್ಣೆಗೆ ಕೈ ಹಾಕುವ ಮಾತು ಯಾರಾದರೂ ಆಡ್ತಾರಾ? ಹಾಗಾಗಿ ಇಲ್ಲಿ ಮಂದವಾಗಿ ಕಲಸಿದ ಹಿಟ್ಟು ಗಟ್ಟಿಯಾಗುವ ಮೊದಲೇ ಸೋರಿ ಹೋಗುತ್ತದೆ. ಒಣ ಹಿಟ್ಟಿಗೆ ಎಣ್ಣೆ ತಾಗದಿದ್ದರೆ ಅದು ಕೊನೆಯವರೆಗೂ ಒಣ ಹಿಟ್ಟಾಗಿಯೇ ಉಳಿಯುತ್ತದೆ. ನನ್ನ ಮೊದಲ ಎರಡೂ ಎಡವಟ್ಟಿಗೆ ಕಾರಣ ಇದೇ.

ಇನ್ನೊಂದು ವಿಷಯ. ಫ್ರೋಜನ್ ನಗೆಟ್ಸ್ ಹಾಕಿದರೆ ಅದೇ ಮಶಿನ್‌ನಲ್ಲಿ ಕಣ್ಣು ಮುಚ್ಚಿ ಮಾಡಿದರೂ ಗರಿಗರಿಯಾಗಿ ಬರುತ್ತವೆ. "ಅದು ಬರುತ್ತೆ, ನಾನು ಮಾಡಿದ್ದು ಮಾತ್ರ ಯಾಕೆ ಬರಲ್ಲ?" ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಗುಟ್ಟೇನೂ ಇಲ್ಲ, ಅವುಗಳನ್ನು ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲೇ ಒಮ್ಮೆ ಎಣ್ಣೆಯಲ್ಲಿ ಅರ್ಧ ಕರಿದೇ ಪ್ಯಾಕ್ ಮಾಡಿರುತ್ತಾರೆ. ಹೊರಗಿನ ಹಿಟ್ಟು ಆಗಲೇ ಗಟ್ಟಿಯಾಗಿ ಎಣ್ಣೆ ಕುಡಿದು ಕೂತಿರುತ್ತದೆ, ನಾವು ಬಿಸಿ ಮಾಡುವುದಷ್ಟೇ. ಪ್ಯಾಕೆಟ್ ಹಿಂದಿನ ಪಟ್ಟಿಯಲ್ಲಿ ಎಣ್ಣೆ ಅಂತ ಬರೆದಿರುತ್ತದೆ, ನೋಡಿ.

ಸರಿ, ಹಸಿ ಚಿಕನ್‌ನಿಂದ ಶುರು ಮಾಡಿ ನಾನು ಈಗ ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಹಿಂದಿನ ರಾತ್ರಿಯೇ ತುಂಡುಗಳಿಗೆ ಉಪ್ಪು ಸವರಿ ಫ್ರಿಜ್‌ನಲ್ಲಿ ಇಡುತ್ತೇನೆ, ಅರ್ಧ ಕಿಲೋಗೆ ಒಂದು ಸಣ್ಣ ಟೀ ಚಮಚ. ಉಪ್ಪು ಒಳಗೆ ಇಳಿಯಲು ಹೊತ್ತು ಬೇಕು, ಕೊನೇ ಗಳಿಗೆಯಲ್ಲಿ ಹಾಕಿದರೆ ಮೇಲೆ ಉಪ್ಪುಪ್ಪು, ಒಳಗೆ ಸಪ್ಪೆ. ಬೆಳಗ್ಗೆ ತೆಗೆದು ಮೊಸರು, ಖಾರದ ಪುಡಿ, ಕಾಳುಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಕಲಸಿ ಒಂದೆರಡು ಗಂಟೆ ಬಿಡುತ್ತೇನೆ. ಮೊಸರಿನ ಹುಳಿ ಮಾಂಸವನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಹಿಟ್ಟು ಹಿಡಿಯಲು ಅಂಟೂ ಕೊಡುತ್ತದೆ. ಆದರೆ ಹಿಟ್ಟಿಗೆ ಹಾಕುವ ಮುಂಚೆ ಜಾಸ್ತಿ ಮೊಸರನ್ನು ಕೈಯಲ್ಲೇ ಸವರಿ ತೆಗೆದುಬಿಡಿ. ತೆಳ್ಳಗೆ ಒಂದು ಪದರ ಸಾಕು. ಮೊಸರು ತೊಟ್ಟಿಕ್ಕುತ್ತಿದ್ದರೆ ಆ ನೀರೆಲ್ಲ ಆವಿಯಾಗಿ ಹೋಗುವವರೆಗೂ ಗರಿಗರಿ ಮಾತೇ ಇಲ್ಲ.

ಹಾಂ, ತೊಳೆಯುವ ವಿಷಯ. ಅಮ್ಮ ಬಂದಾಗಲೆಲ್ಲ ಇದೇ ಜಗಳ. "ಚಿಕನ್ ತೊಳೆಯದೆ ಹೇಗೆ ಮಾಡ್ತೀಯೇ ನೀನು?" ಅಂತ. ನಲ್ಲಿ ಕೆಳಗೆ ಹಿಡಿದರೆ ನೀರು ಸಿಡಿದು ಕ್ಯಾಂಪಿಲೋಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಸಿಂಕು, ಪಾತ್ರೆ, ತರಕಾರಿ ಎಲ್ಲದಕ್ಕೂ ಹರಡುತ್ತದೆ, ಬಿಸಿಗೆ ಅದು ಹೇಗೂ ಸಾಯುತ್ತದೆ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಬ್ರಿಟನ್ನಿನ ಆಹಾರ ಸುರಕ್ಷತೆಯ ಇಲಾಖೆ 2014ರಲ್ಲಿ ಹಸಿ ಚಿಕನ್ ತೊಳೆಯಬೇಡಿ ಅಂತ ಪ್ರಚಾರವನ್ನೇ ಮಾಡಿತ್ತು. ಅದನ್ನು ಹೇಳಿದರೆ ಅಮ್ಮ, "ಅವರ ಮನೆ ಚಿಕನ್ ಅವರು ತಿನ್ನಲಿ" ಅನ್ನುತ್ತಾರೆ. ಗರಿಗರಿ ಆಗುವ ದೃಷ್ಟಿಯಿಂದ ನೋಡಿದರೂ ನೀರೇ ಶತ್ರು. ಟಿಶ್ಯೂ ಪೇಪರ್‌ನಲ್ಲಿ ಒತ್ತಿ ಒತ್ತಿ ಒರೆಸಿದರೆ ಒಳ್ಳೆಯದು.

ಹಿಟ್ಟಿನ ವಿಷಯದಲ್ಲಿ ನಾನು ಬಹಳ ಆಟ ಆಡಿದ್ದೇನೆ. ಬರೀ ಮೈದಾ ಹಾಕಿದರೆ ಹೊರಪದರ ಬಿರುಸಾಗುತ್ತದೆ, ಚರ್ಮದ ಹಾಗೆ ಜಗಿಯಬೇಕಾಗುತ್ತದೆ. ಬರೀ ಕಾರ್ನ್‌ಫ್ಲೋರ್ ಹಾಕಿದರೆ ಗಾಜಿನ ಹಾಗೆ ಗಟ್ಟಿ, ಬಣ್ಣವೂ ಸರಿಯಾಗಿ ಬರುವುದಿಲ್ಲ. ಎರಡು ಭಾಗ ಮೈದಾ, ಒಂದು ಭಾಗ ಕಾರ್ನ್‌ಫ್ಲೋರ್ ನನಗೆ ಸರಿ ಹೋಯಿತು. ಇದಕ್ಕೆ ಅರ್ಧ ಕಿಲೋ ಚಿಕನ್ನಿಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಬೇಕಿಂಗ್ ಪೌಡರ್. ಈ ಬೇಕಿಂಗ್ ಪೌಡರ್ ಸುಮ್ನೆ ಹಾಕುವುದಲ್ಲ. ಇದು ಹಿಟ್ಟಿನಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆ ಮಾಡುತ್ತದೆ, ಕೆಂಪಗಾಗುವುದನ್ನೂ ಬೇಗ ಮಾಡುತ್ತದೆ. ಬೇಕಿಂಗ್ ಸೋಡಾ ಬೇರೆ, ಅದನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ಸೋಪು ತಿಂದ ಹಾಗಾಗುತ್ತದೆ. ಒಂದು ಸಲ ಡಬ್ಬಿ ಅದಲುಬದಲಾಗಿ ತಿಂದಿದ್ದೇನೆ, ನಂಬಿ.

ಈಗ ನಾನು ತುಂಬಾ ತಡವಾಗಿ ಕಲಿತ ಕೆಲಸ. ಒಣ ಹಿಟ್ಟಿನ ಬಟ್ಟಲಿಗೆ ಎರಡು ಮೂರು ಚಮಚ ಮೊಸರು ಕಲಸಿದ ರಸವನ್ನೇ ಚಿಮುಕಿಸಿ ಬೆರಳ ತುದಿಯಲ್ಲಿ ಉದುರುದುರಾಗಿ ಉಜ್ಜಿ. ಹಿಟ್ಟಿನಲ್ಲಿ ಕಡಲೆಕಾಳಿನಷ್ಟು, ಸಾಸಿವೆಯಷ್ಟು ಗಂಟುಗಳು ಆಗುತ್ತವೆ. ಆ ಗಂಟುಗಳೇ ತುಂಡಿಗೆ ಅಂಟಿಕೊಂಡು ಅಂಗಡಿಯ ಚಿಕನ್ ಮೇಲಿರುವ ಹಾಗೆ ಏರುತಗ್ಗಿನ ಹೊರಪದರ ಕೊಡುವುದು. ಹೊರಳಿಸುವಾಗ ಅಂಗೈಯಿಂದ ಒತ್ತಿ ಒತ್ತಿ ಹಿಟ್ಟು ಮೆತ್ತಬೇಕು. ಆಮೇಲೆ ತುಂಡುಗಳನ್ನು ಹತ್ತು ಹದಿನೈದು ನಿಮಿಷ ಹಾಗೇ ತಟ್ಟೆಯಲ್ಲಿ ಬಿಡಿ, ಅವಸರ ಬೇಡ. ಒಣ ಹಿಟ್ಟು ಒಳಗಿನ ತೇವ ಹೀರಿ ಬಣ್ಣ ಮಾಸುತ್ತದೆ, ಮುಟ್ಟಿದರೆ ಕೈಗೆ ಹಿಟ್ಟು ಹತ್ತುವುದಿಲ್ಲ. ಆಗ ಅದು ರೆಡಿ. ಈ ಹತ್ತು ನಿಮಿಷ ಬಿಟ್ಟಿದ್ದಕ್ಕೇ ನನ್ನ 'ಪೌಡರ್' ಸಮಸ್ಯೆ ಮುಕ್ಕಾಲು ಪಾಲು ಹೋಯಿತು.

ಉಳಿದ ಕಾಲು ಪಾಲಿಗೆ ಎಣ್ಣೆ. ಹೌದು, ಎಣ್ಣೆ ಬೇಕು. 'ಒಂದು ಹನಿ ಎಣ್ಣೆ ಇಲ್ಲದೆ' ಅನ್ನುವವರು ಮಾಡಿದ್ದನ್ನು ನಾನು ತಿಂದಿದ್ದೇನೆ, ಅದು ಹಿಟ್ಟು ಮೆತ್ತಿದ ಬೇಯಿಸಿದ ಚಿಕನ್ ಅಷ್ಟೇ. ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಸಾಕು. ಆದರೆ ಎಲ್ಲ ಕಡೆ ತಾಗಬೇಕು, ಅದಕ್ಕೆ ಸ್ಪ್ರೇ ಬಾಟಲಿ. ಮಾಮೂಲಿ ಅಡುಗೆ ಎಣ್ಣೆಯನ್ನು ಪಂಪ್ ಬಾಟಲಿಗೆ ತುಂಬಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಗ್ಯಾಸ್ ತುಂಬಿದ ಕ್ಯಾನ್ ಸ್ಪ್ರೇಗಳಲ್ಲಿ ಹಲವಕ್ಕೆ ಲೆಸಿಥಿನ್ ಅನ್ನುವ ಜಿಡ್ಡಿನಂಥ ವಸ್ತು ಸೇರಿಸಿರುತ್ತಾರೆ, ಅದು ನಾನ್‌ಸ್ಟಿಕ್ ಮೇಲೆ ಗೋಂದಿನ ಹಾಗೆ ಕೂತು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನನ್ನ ಬುಟ್ಟಿಯ ಒಂದು ಮೂಲೆ ಹಾಗೇ ಹಳದಿಯಾಗಿ ಕೂತಿದೆ.

ಬುಟ್ಟಿಯನ್ನು ಐದು ನಿಮಿಷ ಖಾಲಿ ಕಾಯಿಸಿ, ಜಾಲರಿಗೆ ಎಣ್ಣೆ ಸವರಿ, ತುಂಡು ಜೋಡಿಸಿ. ಒಂದಕ್ಕೊಂದು ತಾಗಬಾರದು. ಇದು ನನಗೆ ಈಗಲೂ ಕಷ್ಟ, ಯಾಕಂದರೆ ಇನ್ನೊಂದು ತುಂಡಿಗೆ ಜಾಗ ಇದೆ ಅಂತ ಯಾವಾಗಲೂ ಅನ್ನಿಸುತ್ತದೆ. ಇಲ್ಲ. ತಾಗಿದ ಕಡೆ ಗಾಳಿ ಹೋಗುವುದಿಲ್ಲ, ಅಲ್ಲಿ ಆವಿ ಕೂತು ಚರ್ಮ ತೊಯ್ದ ಬಟ್ಟೆಯ ಹಾಗಾಗುತ್ತದೆ. 190 ಡಿಗ್ರಿಯಲ್ಲಿ ಲೆಗ್ ಪೀಸಿಗೆ ನನ್ನ ಮಶಿನ್‌ನಲ್ಲಿ ಒಟ್ಟು 22ರಿಂದ 25 ನಿಮಿಷ. ಮೂಳೆ ಇಲ್ಲದ ಪಟ್ಟಿಗಳಿಗೆ 10ರಿಂದ 12. ನಡುವೆ ಬುಟ್ಟಿ ಎಳೆದು ಎಳೆದು ನೋಡುವ ಚಟ ಬಿಡಬೇಕು, ಪ್ರತಿ ಸಲ ಬಿಸಿ ಹೊರಗೆ ಹೋಗುತ್ತದೆ. ಆಲೂಗಡ್ಡೆ ಫ್ರೈಸ್ ಕುಲುಕುವ ಹಾಗೆ ಇದನ್ನು ಕುಲುಕಲೇಬಾರದು, ಹಿಟ್ಟೆಲ್ಲ ಉದುರುತ್ತದೆ.

12ನೇ ನಿಮಿಷಕ್ಕೆ ಒಂದೇ ಸಲ ತೆಗೆಯಿರಿ. ಆ ನೋಟ ಸ್ವಲ್ಪ ಎದೆಗುಂದಿಸುತ್ತದೆ, ಹೇಳಿಬಿಡುತ್ತೇನೆ. ತುಂಡುಗಳು ತಿಳಿ ಹಳದಿ ಬಣ್ಣಕ್ಕಿರುತ್ತವೆ, ಕೊಬ್ಬು ಕರಗಿ ಚರ್ಮದ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿರುತ್ತವೆ, ಅಲ್ಲಲ್ಲಿ ಒಂದೊಂದು ಕಾಸಿನಗಲ ಬಿಳಿ ಮಚ್ಚೆ. ಗಾಬರಿ ಬೇಡ. ಚಿಮಟದಿಂದ ಮೆಲ್ಲಗೆ ತಿರುಗಿಸಿ, ಆ ಬಿಳಿ ಮಚ್ಚೆಗಳಿಗೆ ಮಾತ್ರ ಗುರಿಯಿಟ್ಟು ಎಣ್ಣೆ ಸ್ಪ್ರೇ ಮಾಡಿ. ಎಣ್ಣೆ ತಾಗಿದ ತಕ್ಷಣ ಆ ಹಿಟ್ಟು ಒದ್ದೆಯಾದ ಮಣ್ಣಿನ ಹಾಗೆ ಬಣ್ಣ ಬದಲಾಯಿಸುವುದು ಕಣ್ಣಿಗೆ ಕಾಣುತ್ತದೆ. ವಾಪಸ್ ತಳ್ಳಿ, ಕೊನೆಯ ನಾಲ್ಕು ನಿಮಿಷ 200ಕ್ಕೆ ಏರಿಸಿ. ತೆಗೆದಾಗ ಚಮಚದ ಹಿಂಭಾಗದಿಂದ ತಟ್ಟಿದರೆ ಟಕ್ ಟಕ್ ಅನ್ನಬೇಕು. ನನ್ನ ಮಗಳು ಈಗ ಅಡುಗೆಮನೆಗೆ ಬರುವುದೇ ಈ ತಟ್ಟುವ ಕೆಲಸಕ್ಕೆ.

ಬೆಂದಿದೆಯಾ ಅಂತ ನೋಡಲು ಕಣ್ಣನ್ನು ನಂಬಬೇಡಿ. ಮೂಳೆಯ ಹತ್ತಿರದ ಮಾಂಸ ಪೂರ್ತಿ ಬೆಂದ ಮೇಲೂ ಕೆಲವೊಮ್ಮೆ ಗುಲಾಬಿಯಾಗಿ ಇರುತ್ತದೆ, ಎಳೆ ಕೋಳಿಯ ಮೂಳೆಯೊಳಗಿನ ಬಣ್ಣ ಹೊರಗೆ ಇಳಿದು ಹಾಗಾಗುವುದು. ಚುಚ್ಚುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಒಳಗೆ 74 ಡಿಗ್ರಿ ದಾಟಿದರೆ ತಿನ್ನಲು ಸುರಕ್ಷಿತ. ಆದರೆ ಲೆಗ್ ಮತ್ತು ತೊಡೆಯ ತುಂಡನ್ನು ನಾನು 82ರ ಆಸುಪಾಸಿಗೆ ಬಿಡುತ್ತೇನೆ, ಅಲ್ಲಿಗೆ ಬರುವ ಹೊತ್ತಿಗೆ ನಾರೆಲ್ಲ ಕರಗಿ ಮಾಂಸ ಮೂಳೆಯಿಂದ ತಾನಾಗಿ ಬಿಡುತ್ತದೆ. ಎದೆ ಭಾಗವನ್ನು ಅಷ್ಟು ಬಿಟ್ಟರೆ ಮಾತ್ರ ಹತ್ತಿ ಜಗಿದ ಹಾಗೆ. ನಿಜ ಹೇಳಬೇಕೆಂದರೆ ಈ ಮಶಿನ್‌ಗೆ ಎದೆ ಭಾಗ ಒಗ್ಗುವುದಿಲ್ಲ, ಗಾಳಿ ಒಣಗಿಸಿಬಿಡುತ್ತದೆ.

ಇದಕ್ಕೆ ಹೇಳಿ ಮಾಡಿಸಿದ್ದು ವಿಂಗ್ಸ್. ಅದರ ಚರ್ಮದಲ್ಲೇ ಬೇಕಾದಷ್ಟು ಕೊಬ್ಬಿದೆ, ಬೀಸುವ ಗಾಳಿಗೆ ಅದು ಕರಗಿ ಕೆಳಗೆ ಇಳಿಯುತ್ತಾ ಚರ್ಮವನ್ನು ತಾನೇ ಕರಿದುಕೊಳ್ಳುತ್ತದೆ. ಹಿಟ್ಟೂ ಬೇಡ, ಉಪ್ಪು, ಖಾರ, ಒಂದಿಷ್ಟು ಬೇಕಿಂಗ್ ಪೌಡರ್ ಸವರಿ ಹಾಕಿದರೆ ಸಾಕು. ವಿಂಗ್ಸ್ ಮಟ್ಟಿಗೆ ಇದು ಬಾಣಲೆಗೆ ಸರಿಸಮ, ಒಂದು ಕೈ ಮೇಲು ಅಂದರೂ ತಪ್ಪಿಲ್ಲ.

ಹಿಟ್ಟು ಮೆತ್ತಿದ ದಪ್ಪ ಫ್ರೈಡ್ ಚಿಕನ್ ಬೇರೆ ಮಾತು. ನಾನು ಎಷ್ಟೇ ಹೊಗಳಿದರೂ ಎಣ್ಣೆಯಲ್ಲಿ ಕರಿದದ್ದರ ಆ ಪದರಪದರದ ಕುರುಕು ಇದರಲ್ಲಿ ಬರುವುದಿಲ್ಲ. ಇಲ್ಲಿ ಬರುವುದು ತೆಳ್ಳಗಿನ, ಒಣಗಿದ ಕುರುಕು. ಹತ್ತಕ್ಕೆ ಏಳು ಕೊಡುತ್ತೇನೆ, ತುಂಬಾ ಚೆನ್ನಾಗಿ ಬಂದ ದಿನ ಏಳೂವರೆ. ಅದರ ಬದಲಿಗೆ ಒಲೆ ಮುಂದೆ ನಿಂತು ಮುಖಕ್ಕೆ ಎಣ್ಣೆ ಸಿಡಿಸಿಕೊಳ್ಳುವುದಿಲ್ಲ, ಕರಿದ ಎಣ್ಣೆ ಏನು ಮಾಡುವುದು ಅನ್ನುವ ತಲೆನೋವಿಲ್ಲ, ಮನೆಯ ಪರದೆಗೆಲ್ಲ ಮೂರು ದಿನ ವಾಸನೆ ಇಲ್ಲ. ಕರೆಂಟೂ ಹೆಚ್ಚೇನಲ್ಲ, 1500 ವ್ಯಾಟ್ ಮಶಿನ್ 20 ನಿಮಿಷ ನಿಲ್ಲದೆ ಓಡಿದರೂ ಅರ್ಧ ಯೂನಿಟ್.

ಈಗ ದೂರುಗಳು. ಮೊದಲನೆಯದು ಲೀಟರ್ ಅನ್ನುವ ಮೋಸ. 4 ಲೀಟರ್ ಅಂದರೆ ಬುಟ್ಟಿಗೆ ಎಷ್ಟು ನೀರು ಹಿಡಿಯುತ್ತದೆ ಅನ್ನುವ ಲೆಕ್ಕ, ಚಿಕನ್ನನ್ನು ನಾವು ನೀರಿನ ಹಾಗೆ ತುಂಬುವುದಿಲ್ಲವಲ್ಲ! ಬೇಕಾದದ್ದು ತಳದ ಅಗಲ. ನನ್ನದರಲ್ಲಿ ಒಮ್ಮೆಗೆ ನಾಲ್ಕೇ ಲೆಗ್ ಪೀಸ್, ಒತ್ತಿದರೆ ಐದು. ನಾಲ್ಕು ಜನ ಕೂತರೆ ಎರಡು ಸುತ್ತು ಓಡಿಸಬೇಕು, ಮೊದಲ ಸುತ್ತಿನವರು ಕೈ ತೊಳೆದುಕೊಂಡ ಮೇಲೆ ಎರಡನೇ ಸುತ್ತು ಬರುತ್ತದೆ. ಕೊಳ್ಳುವವರು ಡಬ್ಬದ ಮೇಲಿನ ಲೀಟರ್ ನೋಡದೆ ಬುಟ್ಟಿಯ ತಳ ಅಳೆದು ನೋಡಿ, ಚೌಕ ಇದ್ದರೆ ದುಂಡಗಿನದಕ್ಕಿಂತ ಒಳ್ಳೆಯದು.

ಸದ್ದು ಇದೆ, ಹೇರ್ ಡ್ರೈಯರ್ ಪಕ್ಕದ ರೂಮಿನಲ್ಲಿ ಓಡುವಷ್ಟು. ಕೊಬ್ಬಿರುವ ತುಂಡು ಹಾಕಿದ ದಿನ ಕೆಳಗೆ ಇಳಿದ ಕೊಬ್ಬು ಸುಟ್ಟು ಹೊಗೆ ಬರುತ್ತದೆ. ಜಾಲರಿಯ ಕೆಳಗೆ ಒಂದು ಬ್ರೆಡ್ ತುಂಡು ಇಟ್ಟರೆ ಕೊಬ್ಬು ಹೀರಿಕೊಳ್ಳುತ್ತದೆ, ನಮ್ಮ ಮನೆಯಲ್ಲಿ ಆ ಬ್ರೆಡ್ಡಿಗೂ ಜಗಳ ನಡೆಯುತ್ತದೆ ಅನ್ನುವುದು ಬೇರೆ. ನಾನ್‌ಸ್ಟಿಕ್ ಪದರ ಆರೇ ತಿಂಗಳಿಗೆ ಜಾಲರಿಯ ಅಂಚಿನಲ್ಲಿ ಏಳಲು ಶುರುವಾಯಿತು, ಲೋಹದ ಚಿಮಟ ಬಳಸಿದ್ದು ನನ್ನದೇ ತಪ್ಪಿರಬಹುದು. ಆದರೆ ಸರ್ವಿಸ್‌ನವರಿಗೆ ಫೋನ್ ಮಾಡಿದರೆ ಬುಟ್ಟಿ ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಹಾಗಾದರೆ ವಾರಂಟಿ ಯಾವುದಕ್ಕೆ, ಬಟನ್‌ಗಾ? ಕೊಳ್ಳುವ ಮುಂಚೆ ಜಾಲರಿ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿಕೊಳ್ಳಿ.

ತೊಳೆಯುವ ತಾಪತ್ರಯಕ್ಕೆ ಹೆದರಿ ಬುಟ್ಟಿಯೊಳಗೆ ಹಾಸುವ ಸಿಲಿಕೋನ್ ಲೈನರ್ ತಂದೆ. ಬುಟ್ಟಿ ಫಳಫಳ ಅನ್ನುತ್ತಿತ್ತು, ಚಿಕನ್ ಮಾತ್ರ ತನ್ನದೇ ರಸದಲ್ಲಿ ಮುಳುಗಿ ಕೂತಿತ್ತು. ಕೆಳಗಿನಿಂದ ಗಾಳಿ ಬರುವ ದಾರಿ ಮುಚ್ಚಿದ ಮೇಲೆ ಇನ್ನೇನಾಗುತ್ತದೆ? ಪೇಪರ್ ಹಾಕುವವರು ತೂತಿರುವುದನ್ನೇ ಹಾಕಿ, ಖಾಲಿ ಬುಟ್ಟಿ ಕಾಯಿಸುವಾಗ ಮಾತ್ರ ಹಾಕಬೇಡಿ, ಭಾರ ಇಲ್ಲದಿದ್ದರೆ ಹಾರಿ ಹೋಗಿ ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳುತ್ತದೆ. ನಾನು ಈಗ ಬುಟ್ಟಿ ಬಿಸಿ ಇರುವಾಗಲೇ ಬಿಸಿ ನೀರು, ಸೋಪು ಹಾಕಿ ಬಿಟ್ಟು ಊಟಕ್ಕೆ ಕೂರುತ್ತೇನೆ, ಏಳುವ ಹೊತ್ತಿಗೆ ಎಲ್ಲ ಸಡಿಲವಾಗಿರುತ್ತದೆ.

ಮನೆಯಲ್ಲಿ ಆಗಲೇ ಫ್ಯಾನ್ ಇರುವ ದೊಡ್ಡ ಓವನ್ ಇದ್ದರೆ ಇದನ್ನು ತರುವ ಅಗತ್ಯ ಇಲ್ಲ, ತಟ್ಟೆಯ ಮೇಲೆ ಜಾಲರಿ ಇಟ್ಟು ಅದರಲ್ಲೇ ಮಾಡಿ, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ. ಆರು ಜನರ ಮನೆಗೂ ನನ್ನ ಅಳತೆಯದು ಬೇಡ. ಒಬ್ಬರು, ಇಬ್ಬರು, ಮೂವರು ಇರುವ ಕಡೆ, ವಾರಕ್ಕೊಮ್ಮೆ ಚಿಕನ್ ತಿನ್ನುವ ಆಸೆ ಇದ್ದು ಎಣ್ಣೆ ಬಾಣಲೆ ಇಡಲು ಬೇಜಾರು ಅನ್ನುವವರಿಗೆ ಧಾರಾಳವಾಗಿ ತಗೊಳ್ಳಿ ಅನ್ನುತ್ತೇನೆ.

ಇನ್ನೊಂದು ಕಾರಣಕ್ಕೂ ನಾನು ಇದನ್ನು ಯಾರಿಗೂ ಕೊಡುವುದಿಲ್ಲ. ಹೊರಗಿನಿಂದ ತಂದು ಉಳಿದ ಫ್ರೈಡ್ ಚಿಕನ್ ಮಾರನೇ ದಿನ ಫ್ರಿಜ್‌ನಲ್ಲಿ ಮುದುಡಿ ಕೂತಿರುತ್ತದಲ್ಲ, ಮೈಕ್ರೋವೇವ್‌ಗೆ ಹಾಕಿದರೆ ರಬ್ಬರ್ ಆಗುವಂಥದ್ದು. ಅದನ್ನು ಇದರಲ್ಲಿ 180ಕ್ಕೆ ಐದಾರು ನಿಮಿಷ ಇಡಿ, ಎಣ್ಣೆ ಏನೂ ಹಾಕಬೇಡಿ, ಅದರ ಮೈಯಲ್ಲೇ ಬೇಕಾದಷ್ಟಿದೆ. ದಪ್ಪ ತುಂಡಾದರೆ ಒಳಗೆ ಪೂರ್ತಿ ಬಿಸಿಯಾಗುವವರೆಗೆ ಇನ್ನೊಂದೆರಡು ನಿಮಿಷ ಬಿಡಿ. ತೆಗೆದು ತಟ್ಟೆಗೆ ಹಾಕಬೇಡಿ, ತಳ ಬೆವರುತ್ತದೆ, ಜಾಲರಿಯ ಮೇಲೇ ಎರಡು ನಿಮಿಷ ಬಿಡಿ. ಮೊನ್ನೆ ರಾತ್ರಿ ಹಾಗೆ ಬಿಟ್ಟು ನೀರು ಕುಡಿದು ಬರುವಷ್ಟರಲ್ಲಿ ಮೂರು ತುಂಡಿದ್ದದ್ದು ಎರಡಾಗಿತ್ತು, ಮಗಳ ರೂಮಿನಿಂದ ಕರುಂ ಕರುಂ ಅಂತ ಸದ್ದು ಬರ್ತಿತ್ತು.